ಹಪ್ಪಳದಮ್ಮನ ಬುಟ್ಟಿ

ಒಣಮೀನಿಗೆ ಹಪ್ಪಳ ಎಂದು ಹೆಸರಿಟ್ಟವಳು ನಮ್ಮಮ್ಮ. ಎಪ್ಪತ್ತರ ದಶಕದ ಮಾತು. ಬೇಸಿಗೆಯಿಡೀ ಕುಮಟೆಯ ಕಡಲದಂಡೆಯಲ್ಲಿ ಒಣಗಿಸಿದ ಬಂಗಡೆ, ಸಿಗಡಿಯನ್ನು ಮಳೆ ಹಿಡಿಯುವ ಮೊದಲು ಸಿರಸಿ ರಸ್ತೆಯ ಕತಗಾಲದ ಕಡೆ ಒಯ್ದು ಕೊಟ್ಟರೆ ನಮಗೆ ಮಳೆಗಾಲದ ಅಕ್ಕಿ. ದೋಣಿ ದಡಕ್ಕೆ ಎಳೆದ ಮೇಲೆ ಬೇರೆ ಗತಿಯಿರಲಿಲ್ಲ.

ಆ ವರ್ಷ ಮಳೆ ಹೇಳದೆ ಕೇಳದೆ ಮೊದಲೇ ಬಂತು. ಮೂರು ದಿನ ಬಸ್ಸಿಲ್ಲ. ನಾಲ್ಕನೆಯ ದಿನ ಸಿರಸಿ ಬಸ್ಸು ಹೊರಟಾಗ ಅಮ್ಮ ನನ್ನನ್ನೂ ಎಳೆದುಕೊಂಡು ಹತ್ತಿದಳು. ಮೀನಿನ ಬುಟ್ಟಿ ಬಸ್ಸಿನ ತಲೆಯ ಮೇಲೆಯೇ ಹೋಗಬೇಕು; ಹೋದರೆ ನೆನೆದು ಗೊಬ್ಬರ.

"ಬುಟ್ಟಿಯಾಗೆ ಎಂತದು?" ಎಂದ ಕಂಡಕ್ಟರ್.

"ಹಪ್ಪಳ" ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

ಮೂರು ಸುತ್ತು ಗೋಣಿ ಸುತ್ತಿದರೆ ವಾಸನೆ ಮುಚ್ಚುತ್ತದೆಯೇ? ಮಳೆಗೆ ಕಿಟಕಿಗಳೆಲ್ಲ ಬಂದ್. ಹೈಸ್ಕೂಲು ಮುಗಿಸಿದ ದೊಡ್ಡ ಮನುಷ್ಯಳು ನಾನು, ಮೂಗಿಗೆ ಸೆರಗು ಹಿಡಿದು ಅವಳ ಮಗಳೇ ಅಲ್ಲವೆಂಬಂತೆ ಕೂತೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಕತಗಾಲ ಇನ್ನೇನು ಬಂತು ಎನ್ನುವಾಗ ಹೊಳೆ ರಸ್ತೆಗೇ ಹತ್ತಿತ್ತು. ಬಸ್ಸು ಚಹಾದಂಗಡಿಯ ಮುಂದೆ ನಿಂತಿತು. ಕುಮಟೆಯ ಸಂತೆಗೆ ಹೋಗಲು ಬಸ್ಸಿಗಾಗಿ ಮೂರು ದಿನದಿಂದ ಕಾದಿದ್ದ ಆಚೀಚೆ ಮನೆಯ ಹೆಂಗಸರೂ ಅಲ್ಲೇ ಇದ್ದರು. ಅಂಗಡಿಯಲ್ಲಿ ಗಂಜಿ ಬಿಟ್ಟರೆ ಏನಿಲ್ಲ. ಅಮ್ಮ ಬುಟ್ಟಿಯ ತಳ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಗಲೇ ತೇವ. ಇವತ್ತು ದಾಟದಿದ್ದರೆ ಮೀನಿಗೆ ಬೂಷ್ಟು, ನಮಗೆ ಉಪವಾಸ.

ಆಗ ಕಂಡಕ್ಟರ್ ಎಲ್ಲರಿಗೂ ಕೇಳುವಂತೆ ಹೇಳಿದ: "ಅಮ್ಮಾ, ನಿನ್ನ ಹಪ್ಪಳ ನಾಲ್ಕು ತೆಗಿ. ಗಂಜಿಗೆ ಸುಡುವ."

ಅಮ್ಮ ತಲೆ ತಗ್ಗಿಸಿ ಗೋಣಿ ಬಿಚ್ಚಿದಳು. ಅವನು ಒಂದು ಬಂಗಡೆ ಎತ್ತಿ ಮೂಸಿ, "ನಮ್ಮನೆಯಾಗೂ ಇದೇ ಹಪ್ಪಳ" ಎಂದ. ಕಳ್ಳ, ಅವನಿಗೆ ಕುಮಟೆಯಲ್ಲೇ ಗೊತ್ತಾಗಿತ್ತು. ಕೆಂಡಕ್ಕೆ ಮೀನು ಬಿದ್ದದ್ದೇ ತಡ, ಸಂತೆ ತಪ್ಪಿದ ಹೆಂಗಸರೆಲ್ಲ ಬುಟ್ಟಿಯ ಸುತ್ತ ನೆರೆದರು. ಮನೆಗೆ ಓಡಿ ಅಕ್ಕಿ ತಂದರು. ಹೊಳೆ ಇಳಿಯುವ ಹೊತ್ತಿಗೆ ಮೀನಿನ ಜಾಗದಲ್ಲಿ ಅಕ್ಕಿ ಇತ್ತು.

ಮುಂದೆ ಪ್ರತಿವರ್ಷವೂ ಅವನು "ಹಪ್ಪಳದಮ್ಮ ಬಂತು, ಜಾಗ ಬಿಡಿ" ಎನ್ನುತ್ತಿದ್ದ.

ಎಂಬತ್ತರ ದಶಕದ ಒಂದು ಮಳೆಗಾಲದ ಮೊದಲಿಗೆ ಬುಟ್ಟಿ ಹೊತ್ತು ಅದೇ ಬಸ್ಸಿಗೆ ನಾನೊಬ್ಬಳೇ ನಿಂತೆ. ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಕಂಡಕ್ಟರ್ ನನ್ನ ಹಿಂದೆ ಕಣ್ಣಾಡಿಸಿದ, ನನ್ನ ಮುಖ ನೋಡಿದ. ಬುಟ್ಟಿಯನ್ನು ತಾನೇ ಎತ್ತಿ ಒಳಗಿಟ್ಟ. ಹಿಂದಿನ ಸೀಟಿನ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು ಅದೆಂತದು ಎಂದಳು.

"ಹಪ್ಪಳ" ಎಂದೆ, ಇಡೀ ಬಸ್ಸಿಗೆ ಕೇಳುವಂತೆ.