ನೂಡಲ್ಸ್ ತಿಂದ ದಿನದ ಮುದ್ದೆ

ಪುಟ್ಟಮಾದಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಮದುವೆಯಾಗಿ ಬಿಳಿಗೆರೆ ಕಡೆಯ ಹಳ್ಳಿಗೆ ಬಂದಳು. ಗಂಡ ಬೆಟ್ಟಸ್ವಾಮಿಯ ಜೊತೆ ಹನ್ನೊಂದು ವರ್ಷ ಬಾಳಿದಳು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ಅವಳು, ಅತ್ತೆ ಮಂಗಳಮ್ಮ, ಇಬ್ಬರೇ. ತಿಂಗಳು ತುಂಬುವುದರೊಳಗೆ ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು.

ಮಗ ಹೋದ ಮೇಲೆ ಮಂಗಳಮ್ಮ ಒಬ್ಬಳೇ ಕೂತು ಉಣ್ಣುವುದನ್ನು ಬಿಟ್ಟಳು.

"ನೀ ಎದುರ್ಗೆ ಕೂತ್ರೆ ಗಂಟ್ಲಲ್ಲಿ ಇಳೀತದೆ ಕೂಸೆ," ಅನ್ನುತ್ತಿದ್ದಳು.

ಸೊಸೆ ಬಸ್ಸಿಳಿದು ಬರುವವರೆಗೂ ಕಾಯುತ್ತಿದ್ದಳು. ಉಂಡ ಮೇಲೆ ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆಯೂ ಅಲ್ಲಿಯವರೆಗೆ ಗೋಡೆಯ ಗೂಡಿನಲ್ಲೇ ಇರುತ್ತಿತ್ತು.

ಬೆಟ್ಟಸ್ವಾಮಿ ತೀರಿಕೊಂಡು ಏಳು ತಿಂಗಳು ಕಳೆದಿತ್ತು. ಒಂದು ಶನಿವಾರ, ಜೊತೆಯಲ್ಲಿ ಡಬ್ಬ ಕಟ್ಟುವ ರೋಜಾ ಕರೆದಳು.

"ಅಕ್ಕ, ಇವತ್ತು ನಂಜನಗೂಡಲ್ಲಿ ನೂಡಲ್ಸ್ ತಿನ್ನಮ. ನಾ ಕೊಡುಸ್ತೀನಿ."

"ವರ್ಸ ಆಗಿಲ್ಲ ಕಣೇ. ನೋಡ್ದೋರು ಏನಂದಾರು?"

"ನೀ ಉಪಾಸ ಬಿದ್ರೆ ಬಾವ ಎದ್ ಬತ್ತಾನಾ? ಅತ್ತೆಗೆ ಓಟಿ ಅದೆ ಅನ್ಬುಡು."

ಪಾಳಿ ಮುಗಿದ ಮೇಲೂ ನಿಲ್ಲಿಸಿಕೊಂಡು ಮಾಡಿಸುವ ಕೆಲಸಕ್ಕೆ ಅವರು ಓಟಿ ಅನ್ನುತ್ತಿದ್ದರು. ಪುಟ್ಟಮಾದಮ್ಮ ಕಾಯಿನ್ ಫೋನಿಗೆ ರೂಪಾಯಿ ಹಾಕಿ ಪಕ್ಕದ ಮನೆಯ ಗೋವಿಂದಮ್ಮನಿಗೆ ಹೇಳಿದಳು: "ಓಟಿ ಅದೆ ಕಣಕ್ಕ. ಬರೋದು ತಡ ಆಯ್ತದೆ ಅಂತ ಅತ್ತೆಗೆ ಏಳ್ಬುಡು."

ಬಸ್ ಸ್ಟ್ಯಾಂಡಿನ ಹತ್ತಿರ ಏಳೆಂಟು ತಳ್ಳುಗಾಡಿಗಳನ್ನು ಒಂದೇ ತಗಡಿನ ಸೂರಿನಡಿ ಸೇರಿಸಿ ಫುಡ್ ಕೋರ್ಟ್ ಅಂತ ಬೋರ್ಡು ಹಾಕಿದ್ದರು. ರೋಜಾ ಎರಡು ಪ್ಲೇಟು ತಂದಳು. ಪುಟ್ಟಮಾದಮ್ಮ ಪ್ಲಾಸ್ಟಿಕ್ ಚಮಚದಲ್ಲಿ ಎತ್ತಿದರೆ ಎಳೆ ಜಾರಿ ಮೈಮೇಲೆ ಬಿತ್ತು. ಚಮಚ ಪಕ್ಕಕ್ಕಿಟ್ಟಳು. ಕೈ ಹಾಕಿ ಉಂಡೆ ಮಾಡಿ, ಮುದ್ದೆಯ ತುತ್ತಿನ ಹಾಗೆ ಅಗಿಯದೆ ನುಂಗಿದಳು.

"ಅಯ್ಯೋ, ಅಗೀ ಅಕ್ಕ! ಮುದ್ದೆ ಅನ್ಕಂಡ್ಯಾ?"

ಗಾಡಿಯವನು ಬಾಣಲೆಯಿಂದ ತಲೆಯೆತ್ತದೆ ಕೇಳಿದ: "ಅದ್ಕಳಕ್ಕೆ ಉಪ್ಸಾರು ಕೊಡ್ಲಾ ಅಕ್ಕ?"

ರೋಜಾ ಬಿದ್ದು ಬಿದ್ದು ನಕ್ಕಳು. ಪುಟ್ಟಮಾದಮ್ಮನೂ ನಕ್ಕಳು. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ತಟ್ಟನೆ ನಗು ನಿಂತಿತು. ಒಂದು ಗಂಟೆಯಿಂದ ಬೆಟ್ಟಸ್ವಾಮಿ ಒಂದು ಸಲವೂ ನೆನಪಾಗಿರಲಿಲ್ಲ. ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಆದರೂ ಪ್ಲೇಟು ಖಾಲಿ ಮಾಡಿದಳು. ರುಚಿಯಾಗಿತ್ತು.

ಊರಿಗೆ ಬಂದಾಗ ಎಂಟೂವರೆ. ಮಂಗಳಮ್ಮ ಜಗಲಿಯ ಮೇಲೆ ಸೆರಗು ಹೊದ್ದು ಕೂತಿದ್ದಳು.

"ಬಂದ್ಯಾ? ಕೈಕಾಲು ತೊಳ್ಕ. ಓಟಿ ಮಾಡಿ ಸುಸ್ತಾಗಿರ್ತೀಯ ಅಂತ ದೊಡ್ಡ ಮುದ್ದೆ ಕಟ್ಟಿವ್ನಿ."

ಇದ್ದ ಹಿಟ್ಟಿನಲ್ಲಿ ಸೊಸೆಗೆ ದೊಡ್ಡದು ಕಟ್ಟಿದ್ದಳು. ತನ್ನ ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು. ಅವರೆಕಾಳು ಸಾರು ಬಿಟ್ಟಳು. ಪುಟ್ಟಮಾದಮ್ಮ ಬೇಡ ಅನ್ನಲಿಲ್ಲ. ಅನ್ನುವ ಮುಖ ಎಲ್ಲಿತ್ತು? ತುತ್ತು ಮುರಿದಳು, ನುಂಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ಕಲ್ಲಾಯಿತು.

ಮಂಗಳಮ್ಮ ಕೈ ಚಾಚಿ ಸೊಸೆಯ ಸೆರಗಿನಿಂದ ಏನೋ ಕಿತ್ತು ದೀಪಕ್ಕೆ ಹಿಡಿದಳು.

"ಇದೇನು ಕೂಸೆ, ಸ್ಯಾವ್ಗೆಯಾ?"

"ಓಟಿ ಇರ್ಲಿಲ್ಲ ಅತ್ತೆ. ರೋಜಾ ಜೊತೆ ನೂಡಲ್ಸ್ ತಿಂದೆ." ತಲೆ ಎತ್ತದೆ ಹೇಳಿದಳು. "ನಗ್ನಗ್ತಾ ತಿಂದೆ."

ಬೈಗುಳಕ್ಕೆ ಕಾದಳು. ಮಗ ಮಣ್ಣಾಗಿ ವರ್ಷ ತುಂಬಿಲ್ಲ ಅಂದರೆ ಸಾಕಿತ್ತು, ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದಳು. ಮಂಗಳಮ್ಮ ಅದ್ಯಾವುದನ್ನೂ ಎತ್ತಲಿಲ್ಲ.

"ಉಂಡ್ಕಂಡ್ ಬತ್ತೀನಿ ಅಂದಿದ್ರೆ ನಾ ಮದ್ಲೇ ಉಂಡು ಗುಳ್ಗೆ ನುಂಗ್ತಿದ್ನಲ್ಲ ಕೂಸೆ. ಕೈಯೆಲ್ಲ ನಡುಕ ಬಂದ್ಬುಡ್ತು."

ಹೇಳುತ್ತಲೇ ಸೊಸೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅತ್ತೆ, ಬ್ಯಾಡಿ. ನನ್ನ ಎಂಜ್ಲು ಅದು."

"ಇರ್ಲಿ ಬುಡು. ರಾಗಿ ಇಟ್ಟು ದಂಡ ಆಗ್ಬಾರ್ದು."

ಉಳಿದ ಅರ್ಧ ಮುದ್ದೆಯನ್ನು ಮಂಗಳಮ್ಮ ನಡುಗುವ ಕೈಯಲ್ಲಿ ಮುರಿದು, ಸಾರಿಗೆ ಅದ್ದಿ ನುಂಗುತ್ತ ಹೋದಳು. ಹಸಿದಿದ್ದಳು, ಬೇಗ ಬೇಗ ಉಂಡಳು. ಪುಟ್ಟಮಾದಮ್ಮ ಎದುರಿಗೇ ಕೂತಿದ್ದಳು. ತಟ್ಟೆ ಖಾಲಿಯಾದ ಮೇಲೆ ಎದ್ದು ನೀರು ಕೊಟ್ಟಳು, ಗೂಡಿನಿಂದ ಗುಳಿಗೆ ತೆಗೆದುಕೊಟ್ಟಳು. ಅತ್ತೆಯ ಮುಖ ನೋಡಲಾಗಲಿಲ್ಲ.