ನೀರು ಬಡಿಯುವ ಕೈ

ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಬೇಸಿಗೆ ಈಜುಸ್ಪರ್ಧೆಯಲ್ಲಿ ಪಕ್ಕದ ಬ್ಲಾಕಿನವಳು ಮೊದಲು ಎಲ್ಲರ ಲೆಕ್ಕದಲ್ಲಿ ಹುಡುಗ, ಹುಡುಗರ ಜೊತೆಗೇ ಈಜುತ್ತಿದ್ದಳು. "ನಾನು ಹುಡುಗಿ" ಅಂತ ಹೇಳಿದ ಮೇಲೆ ನನ್ನ ಪಕ್ಕದ ಲೇನಿಗೆ ಬಂದಳು. ಇಳಿಯುವ ಮುಂಚೆ ಕಾಲ್ಬೆರಳು ಅದ್ದಿ, "ಸಕ್ಕತ್ ತಣ್ಣಗಿದೆ ಕಣೇ" ಅನ್ನೋಳು. ಇಳಿದ ಮೇಲೆ ನನಗೆ ಕಾಣುತ್ತಿದ್ದದ್ದು ಅವಳ ಹಿಮ್ಮಡಿ ಮಾತ್ರ. ಹೊಟ್ಟೆ ಉರಿದುಹೋಗುತ್ತಿತ್ತು.

ಅಮ್ಮಂದಿರು ಜಗಳವಾಡಿದ ಮೇಲೆ ಕಮಿಟಿ ಹೇಳಿತು: ಅವಳು ನಮ್ಮ ಜೊತೆ ಈಜಬಹುದು, ಪದಕ ಮಾತ್ರ ಇಲ್ಲ.

ಫೈನಲ್‌ನಲ್ಲೂ ಅವಳೇ ಮೊದಲು ಗೋಡೆ ಮುಟ್ಟಿದಳು. ಚಿನ್ನದ ಪದಕ ನನ್ನ ಕೊರಳಿಗೆ ಬಿತ್ತು.

ಗೆದ್ದವರು ಅಂಗೈಯಿಂದ ನೀರು ಬಡಿದರೆ ಮಕ್ಕಳೆಲ್ಲ ಒಟ್ಟಿಗೆ ಧುಮುಕುವುದು ನಮ್ಮ ರೂಢಿ. "ನೀನೇ ಬಡಿ ಕಣೇ" ಅಂದಳು. ಬಗ್ಗಿ ಜೋರಾಗಿ ಬಡಿದೆ. ಒಬ್ಬರೂ ಧುಮುಕಲಿಲ್ಲ. ಎಲ್ಲರೂ ಅವಳ ಕೈಯನ್ನೇ ನೋಡುತ್ತಾ ನಿಂತಿದ್ದರು.

ನಾನೂ.