ಡ್ರಮ್ಮಿನ ನೀರು ನೋಡುವ ನೆಪ

ಈ ಬರವಣಿಗೆಯ ಮೂಲಕ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಕುಂದಾಪುರದ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ವಾಸವಾಗಿದ್ದು, ಸಾಂಕ್ರಾಮಿಕ ರೋಗಗಳ ತಡೆಗಾಗಿ ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಯಾಗಿರುತ್ತೇನೆ. ವರದಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕು.

ಕೆರಾಡಿ ಕಡೆಯ ಒಂದು ಕೇರಿಯಲ್ಲಿ ಮಹಿಳೆಯೊಬ್ಬರಿಗೆ ಕ್ಷಯರೋಗ ದೃಢಪಟ್ಟಿತ್ತು. ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮತ್ತೆ ಬಲಿಯುತ್ತದೆ. ವಾರಕ್ಕೊಮ್ಮೆ ಗುಳಿಗೆ ತಲುಪಿಸುವುದು ನನ್ನ ಕರ್ತವ್ಯವಾಗಿತ್ತು. ಮಗಳಿಗೆ ಸಂಬಂಧ ನೋಡುತ್ತಿದ್ದ ಆ ತಾಯಿ ಮೊದಲ ದಿನವೇ ನನ್ನನ್ನು ಅಂಗಳದಲ್ಲಿ ತಡೆದರು.

“ನಿಮ್ ಗಾಡಿ ಇಲ್ಲ್ ನಿಂತ್ರೆ ಊರಿಗೇ ಗೊತ್ತಾತ್ತ್. ನಾಳಿ ಮಗ್ಳ್ ಮದಿ ಆಯ್ಕಲ್ದಾ? ನಂಗ್ ಗುಳ್ಗಿಯೇ ಬ್ಯಾಡ, ಹೋಯ್ನಿ.”

ಸೊಳ್ಳೆಮರಿ ಹುಡುಕಲು ಬಂದವನಂತೆ ಬರುವುದಾಗಿ ನಾನು ಸೂಚಿಸಿದೆ. ಅವರು ಒಪ್ಪಿದರು. ಅದರಂತೆ ಪ್ರತಿ ವಾರ ಬಚ್ಚಲಿನ ಹಿಂದಿನ ಡ್ರಮ್ಮಿಗೆ ಟಾರ್ಚ್ ಹಾಕಿ, ಮುಚ್ಚಳದ ಕೆಳಗೆ ಗುಳಿಗೆಯ ಪೊಟ್ಟಣ ಇರಿಸಿ, ಹಿಂದಿನ ವಾರದ ಗುಳಿಗೆಗಳ ಖಾಲಿ ಹಾಳೆಗಳನ್ನು ಎತ್ತಿಕೊಳ್ಳುತ್ತಿದ್ದೆ.

ಮೂರನೆಯ ವಾರ ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಕೂಗಿದರು.

“ಹ್ವಾಯ್, ಎಂತ ಮಾರ್ರೆ! ಅವ್ರ್ ಮನಿ ನೀರ್ ಮಾತ್ರ ಕಾಂಬುದಾ? ನಮ್ಮನಿ ನುಸಿ ಕಚ್ಚುದಿಲ್ಯಾ?”

ನನ್ನ ತಪ್ಪು ಆಗ ತಿಳಿಯಿತು. ಅಂದಿನಿಂದ ಒಂದು ಮನೆಯ ಗುಟ್ಟಿಗಾಗಿ ಕೇರಿಯ ಹದಿನೆಂಟೂ ಮನೆಗಳ ಡ್ರಮ್ಮುಗಳಿಗೆ ಬಗ್ಗಿದೆ. ‘ನುಸಿ ಮೇಸ್ಟ್ರು’, ಅಂದರೆ ಸೊಳ್ಳೆ ಮೇಷ್ಟ್ರು, ಎಂಬ ಹೆಸರು ಬಂತು. ಆಕೆಯೊಡನೆ ಆಡುತ್ತಿದ್ದುದು ನಾಲ್ಕೇ ಮಾತು, ಅದೂ ಮೆಲುದನಿಯಲ್ಲಿ. ಆದರೂ ನಾನು ಉಂಡೆನೇ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದವರು ಅವರೊಬ್ಬರೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಕೊನೆಯ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ.

“ಇನ್ನ್ ನೀವ್ ಬಪ್ಪುದ್ ಬ್ಯಾಡ ಅಲ್ದಾ?” ಎಂದು ಅವರು ನಗುತ್ತಾ ಕೇಳಿದರು.

ಬೇಡ ಎಂದೆ. ಸಂತೋಷಪಡಬೇಕಾದ ವಿಷಯ, ಪಟ್ಟಿದ್ದೇನೆ. ಮುಂದಿನ ವಾರ ಅದೇ ದಿನ, ಕಾರಣವಿಲ್ಲದೆ, ಆ ದಾರಿಯ ತಿರುವಿನವರೆಗೆ ಹೋಗಿ ಹಿಂದಿರುಗಿದ್ದೂ ನಿಜ.

ಕೆಲವು ತಿಂಗಳ ಬಳಿಕ ಕೊಲ್ಲೂರಿನಲ್ಲಿ ವಸತಿಗೃಹಗಳ ನೀರಿನ ತೊಟ್ಟಿ ಪರಿಶೀಲಿಸುತ್ತಿದ್ದಾಗ ಮದುವೆ ದಿಬ್ಬಣವೊಂದು ಎದುರಾಯಿತು. ಮದುಮಗಳ ಹಿಂದೆ ಅವರಿದ್ದರು, ಮೈ ತುಂಬಿಕೊಂಡು. ಜೊತೆಗಿದ್ದ ಪಕ್ಕದ ಮನೆಯ ಅಜ್ಜ ನನ್ನನ್ನು ಕಂಡು ಬೀಗರಿಗೆ ಹೇಳಿದರು: “ಕಾಣಿ, ನಮ್ ಕೇರಿ ನುಸಿ ಮೇಸ್ಟ್ರು!”

ಆಕೆಯ ಮುಖ ಬಿಳಿಚಿತು. “ಯಾರ್? ನಂಗ್ ಗುರ್ತಿಲ್ಲೆ,” ಎಂದುಬಿಟ್ಟರು.

“ಎಂತದೇ! ನಿನ್ ಡ್ರಮ್ಮಿಗ್ ವಾರ ವಾರ ಬಗ್ತಿದ್ರಲೆ!” ಅಜ್ಜನಿಗೆ ಆಶ್ಚರ್ಯ. ಬೀಗರು ಇಬ್ಬರನ್ನೂ ನೋಡತೊಡಗಿದರು.

“ಹದಿನೆಂಟ್ ಮನಿ ಅಜ್ಜ. ನಂಗೂ ಡ್ರಮ್ಮಿಂದೇ ಗುರ್ತ್, ಜನದ್ದಲ್ಲ,” ಎಂದೆ.

ಎಲ್ಲರೂ ನಕ್ಕರು. ಅಜ್ಜ ಊಟಕ್ಕೆ ಕರೆದರು. ಕರ್ತವ್ಯದ ಕಾರಣ ನೀಡಿ ನಿರಾಕರಿಸಿದೆ. ಆಕೆ ಹಿಂತಿರುಗಿ ನೋಡದೆ ಮುಂದೆ ನಡೆದರು. ಹಾಗೆ ನಡೆಯುವುದೇ ಸರಿಯಾಗಿತ್ತು.

ನಾನು ತೊಟ್ಟಿಯ ಮುಚ್ಚಳ ತೆಗೆದು ಟಾರ್ಚ್ ಹಾಕಿದೆ. ನೀರು ಸ್ವಚ್ಛವಾಗಿತ್ತು. ವಾದ್ಯದ ಸದ್ದು ದೂರವಾಗುವವರೆಗೂ ಬಗ್ಗಿ ನೋಡುತ್ತಲೇ ಇದ್ದೆ.